ಸುಮಿತ್ರಾ ಆರಿಸಿದ ಕಾರು

ಸುಮಿತ್ರಾ ಹುಟ್ಟಿದ್ದು ದೆಹಲಿಯ ರಾಮಕೃಷ್ಣಪುರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಅಪ್ಪ ಶಂಕರಪ್ಪ ಚಳ್ಳಕೆರೆಯಿಂದ ಬಂದು ಸಚಿವಾಲಯವೊಂದರಲ್ಲಿ ಸ್ಟಾಫ್ ಕಾರಿನ ಡ್ರೈವರ್ ಆಗಿದ್ದವರು. ತಮ್ಮ ಯಶವಂತ ಇನ್ನೂ ಹೈಸ್ಕೂಲಿನಲ್ಲಿದ್ದಾಗ ಅವರು ಡ್ಯೂಟಿಯ ಮೇಲೆಯೇ ಎದೆನೋವು ಬಂದು ತೀರಿಕೊಂಡರು. ಅನುಕಂಪದ ಆಧಾರದ ಮೇಲೆ ಅದೇ ಕಚೇರಿಯಲ್ಲಿ ಸುಮಿತ್ರಾಗೆ ಗುಮಾಸ್ತೆಯ ಕೆಲಸ ಸಿಕ್ಕಿತು. ಬಂದ ಸಂಬಂಧಗಳನ್ನೆಲ್ಲ "ಯಶು ಓದು ಮುಗೀಲಿ" ಎಂದು ಮುಂದಕ್ಕೆ ಹಾಕಿದಳು. ಅವನ ಓದು ಮುಗಿಯುವ ಹೊತ್ತಿಗೆ ಸಂಬಂಧಗಳು ಬರುವುದು ನಿಂತಿತ್ತು. ಆಮೇಲೆ ಅವನ ಮದುವೆ, ಅಮ್ಮನ ಕಾಯಿಲೆ, ಅಮ್ಮನ ಸಾವು. ಈಗ ಅವಳು ಇಂದಿರಾಪುರಂನ ಫ್ಲ್ಯಾಟಿನಲ್ಲಿ ಒಬ್ಬಳೇ ಇದ್ದಳು. ನಿವೃತ್ತಿ ಹತ್ತಿರ ಬಂದಿತ್ತು.

ಅಪ್ಪ ಬಿಟ್ಟುಹೋದ ಆಸ್ತಿಯೆಂದರೆ ಫರೀದಾಬಾದಿನ ಒಂದು ಚಿಕ್ಕ ಸೈಟು, ಅದರಲ್ಲೊಂದು ತಗಡಿನ ಶೆಡ್ಡು, ಶೆಡ್ಡಿನಲ್ಲಿ ಎರಡು ಕಾರು. ಒಂದು ಬಿಳಿ ಅಂಬಾಸಿಡರ್, ಅಪ್ಪ ಎಷ್ಟೋ ವರ್ಷ ಓಡಿಸಿದ್ದ ಕಚೇರಿಯ ಕಾರು. ಸರ್ಕಾರ ಅದನ್ನು ಹರಾಜಿಗೆ ಹಾಕಿದಾಗ ಗುಜರಿಗೆ ಹೋಗುವುದನ್ನು ನೋಡಲಾರದೆ ತಾವೇ ಕೊಂಡಿದ್ದರು. ಇನ್ನೊಂದು ತಿಳಿನೀಲಿ ಫಿಯೆಟ್. ಧಾರವಾಡದ ಕಡೆಯ ಅಧಿಕಾರಿಯೊಬ್ಬರು ವರ್ಗವಾಗಿ ಹೋಗುವಾಗ "ನೀನೇ ಇಟ್ಕೊಳ್ಳೋ ಶಂಕರಪ್ಪ" ಎಂದು ಕೊಟ್ಟದ್ದು. ಸುಮಿತ್ರಾ ಕಾರು ಕಲಿತದ್ದು ಆ ಫಿಯೆಟ್ಟಿನಲ್ಲಿ. ಭಾನುವಾರ ಬೆಳಿಗ್ಗೆ ಖಾಲಿ ರಸ್ತೆ, ಸ್ಟೀರಿಂಗಿನ ಪಕ್ಕದಲ್ಲೇ ಗೇರು, ಬದಿಯಲ್ಲಿ ಕೂತ ಅಪ್ಪ. "ಮೆಲ್ಲಗೆ ಬಿಡಮ್ಮಾ, ಕ್ಲಚ್ಚಿಗೂ ಜೀವ ಇರುತ್ತೆ" ಎನ್ನುತ್ತಿದ್ದರು. ಆ ಕಾಲಕ್ಕೆ ಕ್ವಾರ್ಟರ್ಸಿನಲ್ಲಿ ಕಾರು ಓಡಿಸುವ ಹುಡುಗಿ ಅವಳೊಬ್ಬಳೇ.

ಯಶವಂತ ನೋಯ್ಡಾದಲ್ಲಿ ಹೋಟೆಲು, ಅಂಗಡಿಗಳ ಒಳಾಂಗಣ ಅಲಂಕಾರದ ವ್ಯವಹಾರ ನಡೆಸುತ್ತಿದ್ದ. ಚಳಿಗಾಲದ ಒಂದು ಭಾನುವಾರ ಅಕ್ಕನನ್ನು ಫರೀದಾಬಾದಿಗೆ ಕರೆದುಕೊಂಡು ಹೋಗಿ ಶೆಡ್ಡಿನ ಬಾಗಿಲು ತೆಗೆಸಿದ.

"ಅಕ್ಕಾ, ಎರಡೂ ಐವತ್ತು ವರ್ಷ ದಾಟಿದಾವೆ. ಚೆನ್ನಾಗಿ ಮಾಡಿಸಿದರೆ ವಿಂಟೇಜ್ ನಂಬರ್ ಸಿಗುತ್ತೆ, ಮತ್ತೆ ರಸ್ತೆಗೆ ಇಳಿಸ್ಬಹುದು. ಎರಡನ್ನೂ ಮಾಡ್ಸೋಕಾಗಲ್ಲ, ಒಂದನ್ನ ಮಾಡ್ಸೋಣ. ನಿನ್ನ ರಿಟೈರ್‌ಮೆಂಟಿಗೆ ನನ್ನ ಗಿಫ್ಟು. ಯಾವುದು ಅನ್ನೋದನ್ನ ನೀನೇ ಹೇಳು."

ಸುಮಿತ್ರಾ ಎರಡೂ ಕಾರುಗಳನ್ನು ಒಮ್ಮೆ ಸುತ್ತಿ ಬಂದಳು. "ಯೋಚನೆ ಮಾಡ್ತೀನಿ ಕಣೋ" ಎಂದಳು.

ನಿಜವಾಗಿಯೂ ಯೋಚನೆ ಮಾಡಿದಳು. ಶೆಡ್ಡಿನ ಪಕ್ಕದ ಗಲ್ಲಿಯ ಮೆಕ್ಯಾನಿಕ್ ಸತ್ಬೀರ್‌ನನ್ನು ಕರೆಸಿ ಎರಡನ್ನೂ ತೋರಿಸಿದಳು. ಅಂಬಾಸಿಡರಿನ ಮೈ ಗಟ್ಟಿಯಾಗಿತ್ತು, ಆದರೆ ಇಂಜಿನ್ ಜಾಮ್ ಆಗಿತ್ತು. ಫಿಯೆಟ್ಟಿನ ಇಂಜಿನ್ ಕೈಯಲ್ಲಿ ತಿರುಗಿಸಿದರೆ ತಿರುಗುತ್ತಿತ್ತು, ಆದರೆ ತಳ ತುಕ್ಕು ತಿಂದು ಒಳಗಿಂದಲೇ ನೆಲ ಕಾಣುತ್ತಿತ್ತು. "ಎರಡೂ ಬದುಕ್ತಾವೆ ದೀದಿ. ನಿಮಗೆ ಯಾವುದು ಬೇಕು ಹೇಳಿ" ಎಂದ ಸತ್ಬೀರ್.

ಕಷ್ಟ ಇದ್ದದ್ದು ಅಲ್ಲೇ. ನ್ಯಾಯವಾಗಿ ನೋಡಿದರೆ ಅಂಬಾಸಿಡರನ್ನೇ ಮಾಡಿಸಬೇಕು. ಅಪ್ಪನ ಅರ್ಧ ಆಯುಸ್ಸು ಅದರ ಸ್ಟೀರಿಂಗಿನ ಹಿಂದೆ ಕಳೆದಿತ್ತು. ಫಿಯೆಟ್ಟಿನ ಮೇಲಿನ ಆಸೆ ಬರೀ ತನ್ನದು. ಮೆಟ್ರೋದಲ್ಲಿ ಕೂತು ಅಂಬಾಸಿಡರ್ ಎಂದು ತೀರ್ಮಾನಿಸುವಳು. ಮನೆ ಸೇರುವ ಹೊತ್ತಿಗೆ ಮನಸ್ಸು ಮತ್ತೆ ಫಿಯೆಟ್ಟಿಗೆ ಜಾರಿರುತ್ತಿತ್ತು. ಕೊನೆಗೆ ಒಂದು ಬೆಳಿಗ್ಗೆ, ಕಾಫಿ ಕುಡಿಯುತ್ತಾ, ಧೈರ್ಯ ಹೋಗುವ ಮೊದಲೇ ಫೋನ್ ಮಾಡಿಬಿಟ್ಟಳು.

"ಯಶೂ, ಫಿಯೆಟ್. ಅಪ್ಪ ಬೇಜಾರು ಮಾಡ್ಕೋತಾರೇನೋ."

ಅವನು ನಕ್ಕ. "ಅಪ್ಪ ಯಾಕೆ ಬೇಜಾರು ಮಾಡ್ಕೋತಾರೆ? ನೀನು ಅದನ್ನೇ ಹೇಳ್ತೀಯ ಅಂತ ನನಗೆ ಗೊತ್ತಿತ್ತು ಅಕ್ಕ."

ಆ ವಾರವೇ ಕ್ರೇನು ಬಂದು ಫಿಯೆಟ್ಟನ್ನು ಎತ್ತಿಕೊಂಡು ಹೋಯಿತು. ಕೆಲಸ ತನಗೇ ಬರುತ್ತದೆಂದು ಕಾದಿದ್ದ ಸತ್ಬೀರ್ ಮುಖ ಸಣ್ಣದು ಮಾಡಿಕೊಂಡ. ಯಶವಂತನಿಗೆ ಪರಿಚಯದ ವರ್ಕ್‌ಶಾಪು ನೋಯ್ಡಾದಲ್ಲೇ ಇದೆಯಂತೆ. "ಮುಗಿಯೋವರೆಗೂ ನೀನು ಬರೋ ಹಾಗಿಲ್ಲ, ಸರ್‌ಪ್ರೈಸು" ಎಂದಿದ್ದ. ಆಗಾಗ ಫೋಟೋ ಕಳಿಸುತ್ತಿದ್ದ. ಹೊಳೆಯುವ ಗ್ರಿಲ್ಲು, ಕ್ರೋಮ್ ಲೇಪದ ಬಂಪರು, ಅದೇ ತಿಳಿನೀಲಿ ಬಣ್ಣ. ಸುಮಿತ್ರಾ ಕಚೇರಿಯಲ್ಲಿ ಎಲ್ಲರಿಗೂ ತೋರಿಸಿದಳು. ಅವಧಿ ಮುಗಿದಿದ್ದ ಲೈಸೆನ್ಸನ್ನು ನವೀಕರಿಸಿಕೊಂಡಳು. ಮೊದಲ ದಿನ ಕಾರನ್ನು ರಾಮಕೃಷ್ಣಪುರದ ಹಳೆಯ ರಸ್ತೆಗಳಲ್ಲೇ ಓಡಿಸಬೇಕೆಂದು ಮನಸ್ಸಿನಲ್ಲೇ ದಾರಿ ಹಾಕಿಕೊಂಡಳು. ಎಲ್ಲ ಫೋಟೋಗಳೂ ಕಾರಿನ ಮುಂಭಾಗದವೇ ಎಂಬುದು ಅವಳಿಗೆ ಹೊಳೆಯಲಿಲ್ಲ. ತಮ್ಮ ಕಳಿಸಿದ ಫೋಟೋವನ್ನು ಯಾರು ಹಾಗೆ ನೋಡುತ್ತಾರೆ?

"ಅಕ್ಕಾ, ನೋಯ್ಡಾದಲ್ಲಿ ನಾನು ಮಾಡಿರೋ ಹೋಟೆಲ್ಲಿನ ಓಪನಿಂಗು. ಕಾರೂ ಅಲ್ಲೇ ಇರುತ್ತೆ, ಬಾ" ಎಂದು ಯಶವಂತ ಕರೆದ. ಸುಮಿತ್ರಾ ಅಮ್ಮನ ರೇಷ್ಮೆ ಸೀರೆ ಉಟ್ಟಳು. ಚೀಲದಲ್ಲಿ ಅರಿಶಿನ, ಕುಂಕುಮ, ಒಂದು ಮಾರು ಹೂವು, ಚಕ್ರದ ಕೆಳಗಿಡಲು ನಿಂಬೆಹಣ್ಣು ಹಾಕಿಕೊಂಡು ಕ್ಯಾಬಿನಲ್ಲಿ ಹೋದಳು.

ಹೋಟೆಲಿನ ಒಳಗೆ ಕಾಲಿಡುತ್ತಿದ್ದಂತೆಯೇ ಫಿಯೆಟ್ ಕಂಡಿತು. ದೀಪಗಳೆರಡೂ ಉರಿಯುತ್ತಿದ್ದವು. ಅವಳ ಕಣ್ಣು ತುಂಬಿ ಬಂತು. ಕಾರನ್ನು ಗೋಡೆಗೆ ಇಷ್ಟು ಒತ್ತಿ ನಿಲ್ಲಿಸಿದ್ದಾರಲ್ಲ, ಬಾಗಿಲು ತೆಗೆಯುವುದು ಹೇಗೆ ಎಂದುಕೊಳ್ಳುತ್ತಾ ಪಕ್ಕಕ್ಕೆ ಹೋದಳು. ಬಾಗಿಲು ಇರಲಿಲ್ಲ. ಬಾನೆಟ್ಟು ಮುಗಿದಲ್ಲಿಂದ ಗೋಡೆ ಶುರುವಾಗಿತ್ತು.

ಉಳಿದದ್ದು ಗೋಡೆಯ ಆಚೆಗಿರಬೇಕೆಂದು ಸುತ್ತುಹಾಕಿ ಹೋದಳು. ಅಲ್ಲಿ ಕಾರಿನ ಹಿಂಭಾಗವನ್ನು ಕತ್ತರಿಸಿ ಸೋಫಾ ಮಾಡಿದ್ದರು. ಒಬ್ಬ ಹುಡುಗ, ಒಬ್ಬಳು ಹುಡುಗಿ ಅದರಲ್ಲಿ ಕೂತು ದೋಸೆ ತಿನ್ನುತ್ತಿದ್ದರು. ಮೇಲೆ ಗೋಡೆಯಲ್ಲಿ ಅಪ್ಪನ ಫೋಟೋ ಇತ್ತು. ಸಮವಸ್ತ್ರದಲ್ಲಿ, ಟೋಪಿ ಹಾಕಿಕೊಂಡು.

ಯಶವಂತನ ಮಗಳು ನಿಹಾರಿಕಾ ಓಡಿಬಂದಳು. "ಅತ್ತೆ, ದೇಖೋ ನಾ! ತಾತನ ಗಾಡಿ! ಎಲ್ಲರೂ ಸೆಲ್ಫಿ ತಗೋತಿದಾರೆ!"

ಹಿಂದೆಯೇ ಯಶವಂತ ಬಂದ. ಅಕ್ಕನ ಮುಖ ನೋಡಿ ಅವನ ನಗು ಅರ್ಧಕ್ಕೇ ನಿಂತಿತು.

"ಇಂಜಿನ್ ಎಲ್ಲೋ?" ಎಂದಳು ಸುಮಿತ್ರಾ.

"ಅಕ್ಕಾ, ಕೂತ್ಕೋ ಮೊದಲು. ಶೆಡ್ಡಲ್ಲಿದ್ದಿದ್ರೆ ಅದನ್ನ ಯಾರು ನೋಡ್ತಿದ್ರು ಹೇಳು? ಇಲ್ಲಿ ದಿನಾ ಜನ ನೋಡ್ತಾರೆ. ಅಪ್ಪನ ಹೆಸರು ಉಳಿಯುತ್ತೆ."

"ಇಂಜಿನ್ ಎಲ್ಲಿ ಅಂತ ಕೇಳಿದೆ."

"ವರ್ಕ್‌ಶಾಪಿನವರು ಯಾರಿಗೋ ಕೊಟ್ಟರು. ಇಲ್ಲಿ ಅದು ಬೇಕಿರ್ಲಿಲ್ಲ."

"ಈ ಹೋಟೆಲಿನವರಿಗೆ ಮೊದಲೇ ಒಪ್ಪಿಕೊಂಡಿದ್ದೆಯಾ? ಶೆಡ್ಡಿಗೆ ಕರ್ಕೊಂಡು ಹೋದಾಗಲೇ?"

ಅವನು ನೆಲ ನೋಡಿದ. "ಅವರಿಗೆ ಫಿಯೆಟ್ಟೇ ಬೇಕಿತ್ತು."

"ಮತ್ತೆ ಯಾವುದು ಬೇಕು ಅಂತ ನನ್ನ ಯಾಕೆ ಕೇಳಿದೆ?"

"ನೀನು ಫಿಯೆಟ್ಟೇ ಅಂತೀಯ ಅಂತ ಗೊತ್ತಿತ್ತು ಅಕ್ಕ. ನೀನೇ ಆರಿಸಿದ್ದು ಅಂತಾದರೆ ಆಮೇಲೆ ಅಷ್ಟು ಬೇಜಾರಾಗಲ್ಲ ಅಂದ್ಕೊಂಡೆ."

ಅಷ್ಟು ವಾರ ಸುಮಿತ್ರಾ ತಾನು ಅಪ್ಪನಿಗೆ ಅನ್ಯಾಯ ಮಾಡುತ್ತಿದ್ದೇನೋ ಎಂದು ಒದ್ದಾಡಿದ್ದೆಲ್ಲ ಅವನಿಗೆ ಮೊದಲೇ ಲೆಕ್ಕಕ್ಕೆ ಸಿಕ್ಕಿತ್ತು. ಅವಳ ಆಸೆ ಏನೆಂದು ಈ ಲೋಕದಲ್ಲಿ ಚೆನ್ನಾಗಿ ಬಲ್ಲವನು ಅವನೊಬ್ಬನೇ. ಆ ತಿಳಿವಳಿಕೆಯನ್ನೇ ಹಿಡಿಕೆ ಮಾಡಿಕೊಂಡು ಅವಳನ್ನು ಬೇಕಾದ ಕಡೆ ತಿರುಗಿಸಿದ್ದ. ಅವಳು ನಿಹಾರಿಕಾಳ ಕೆನ್ನೆ ಸವರಿ, ಹೂವನ್ನು ಅವಳ ಕೈಗೆ ಕೊಟ್ಟು, ಹೊರಗೆ ಬಂದು ಆಟೋ ಹತ್ತಿದಳು.

ಮಾರನೆಯ ದಿನ ಕಚೇರಿಗೆ ರಜೆ ಹಾಕಿ ಫರೀದಾಬಾದಿಗೆ ಹೋದಳು. ಅಂಬಾಸಿಡರನ್ನು ಶೆಡ್ಡಿನಿಂದ ಎಳೆಸಿ ಬೇರೆಡೆ ಸಾಗಿಸಬೇಕೆಂದು ಸತ್ಬೀರ್‌ಗೆ ಹೇಳಿದಳು. ಬಲ್ಲಭಗಢದಲ್ಲಿ ಅವನ ಭಾವನ ಅಂಗಳ ಖಾಲಿ ಇತ್ತು.

"ಭಯ್ಯಾ ಕೇಳಿದರೆ ಏನು ಹೇಳಲಿ ದೀದಿ?"

"ಗೊತ್ತಿಲ್ಲ ಅಂತ ಹೇಳು."

ಹಾಗೆ ಹೇಳುವಾಗ ಅವಳಿಗೇ ನಾಚಿಕೆಯಾಯಿತು. ಕೈಹಿಡಿದು ಶಾಲೆಗೆ ಬಿಟ್ಟು ಬಂದಿದ್ದ ತಮ್ಮನಿಂದ ವಸ್ತು ಮುಚ್ಚಿಡುವ ಕಾಲ ಬಂತಲ್ಲ ಎನಿಸಿತು.

ಸ್ವಲ್ಪ ದಿನ ಬಿಟ್ಟು ಯಶವಂತ ಮಗಳನ್ನು ಕರೆದುಕೊಂಡು, ಮೈಸೂರುಪಾಕಿನ ಡಬ್ಬಿ ಹಿಡಿದು ಇಂದಿರಾಪುರಂಗೆ ಬಂದ. ಸುಮಿತ್ರಾ ಉಪ್ಪಿಟ್ಟು ಮಾಡಿ ಬಡಿಸಿದಳು.

"ತಪ್ಪಾಯ್ತು ಅಕ್ಕ" ಎಂದ. "ಅಂಬಾಸಿಡರ್ ಇದೆಯಲ್ಲ, ಅದನ್ನ ಮಾಡಿಸಿಕೊಡ್ತೀನಿ. ಈ ಸಲ ಇಂಜಿನ್ ಸಮೇತ. ಅಪ್ಪನಾಣೆ."

ಸುಮಿತ್ರಾ ಅವನ ಮುಖವನ್ನೇ ನೋಡಿದಳು. ನಿಜವೇ ಇರಬಹುದು. ಆದರೆ ಸರ್‌ಪ್ರೈಸು ಎಂದಾಗಲೂ ಅವನ ಮುಖ ಹೀಗೆಯೇ ಇತ್ತು. ಚಿಕ್ಕವನಿದ್ದಾಗ ಅವನು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತಿತ್ತು. ಈಗ ಯಾವುದು ನಿಜ, ಯಾವುದು ಸುಳ್ಳು ಎಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಕಾರು ಹೋದದ್ದಕ್ಕಿಂತ ಅದೇ ಹೆಚ್ಚು ನೋಯಿಸಿತು.

"ಅದು ಶೆಡ್ಡಲ್ಲಿಲ್ಲ" ಎಂದಳು.

"ಎಲ್ಲಿದೆ?"

"ಇದೆ."

"ನನಗೂ ಅದು ಅಪ್ಪನ ಕಾರೇ ಅಲ್ವಾ ಅಕ್ಕ?"

"ಹೌದು. ಇನ್ನೊಂದು ಸ್ವಲ್ಪ ಉಪ್ಪಿಟ್ಟು ಹಾಕ್ಲಾ?"

ಬಲ್ಲಭಗಢದ ಅಂಗಳದಲ್ಲಿ ಸತ್ಬೀರ್ ರಿಪೇರಿಗೆ ಹಿಡಿದಿರುವ ಅಂಬಾಸಿಡರಿನ ಜಾಮ್ ಆದ ಇಂಜಿನ್ ಇನ್ನೂ ಬಿಟ್ಟುಕೊಂಡಿಲ್ಲ. ಬೇಸಿಗೆಗೆ ಆಗಬಹುದು ಎನ್ನುತ್ತಾನೆ ಸತ್ಬೀರ್, ಆಗದೆಯೂ ಇರಬಹುದು. ನಿವೃತ್ತಳಾದ ಸುಮಿತ್ರಾ ಆಗೊಮ್ಮೆ ಈಗೊಮ್ಮೆ ಮೆಟ್ರೋ ಹಿಡಿದು ಹೋಗಿ ನೋಡಿ ಬರುತ್ತಾಳೆ. ಯಶವಂತ ಹಬ್ಬಹುಣ್ಣಿಮೆಗೆ ತಪ್ಪದೆ ಫೋನ್ ಮಾಡುತ್ತಾನೆ, ಅವಳೂ ತಪ್ಪದೆ ಎತ್ತುತ್ತಾಳೆ. ನಿಹಾರಿಕಾಳ ಪರೀಕ್ಷೆ, ಅಮ್ಮನ ತಿಥಿ, ದೆಹಲಿಯ ಹೊಗೆ ಎಲ್ಲ ಮಾತಾಡುತ್ತಾರೆ. ಕಾರಿನ ಸುದ್ದಿ ಬಂದರೆ ಮಾತ್ರ ಅವಳು "ಒಲೆ ಮೇಲೆ ಹಾಲಿಟ್ಟಿದೀನಿ" ಎಂದು ಫೋನ್ ಇಡುತ್ತಾಳೆ.