ಗಿರಿಜೆ ನೋಡಿದ ನನ್ನ ಗಂಟಲು

ಹಾಜರಿ ಕೂಗುತ್ತಿದ್ದೆ. ಹದಿನೇಳನೆಯ ಹೆಸರಿಗೆ ದನಿ ಬರಲಿಲ್ಲ.

ಹದಿನೇಳು ಎಂದು ಬರೆದುಬಿಟ್ಟೆ. ಎಷ್ಟನೆಯದೋ ನನಗೆ ತಿಳಿಯದು. ಹೇಳುವಾಗ ಒಂದು ಸಂಖ್ಯೆ ಬೇಕೆನಿಸುತ್ತದೆ, ಬಾಯಿಗೆ ಬಂದದ್ದು ಕೂತುಬಿಡುತ್ತದೆ. ಇದೆಲ್ಲ ಆಗಿ ಎರಡು ತಿಂಗಳೂ ಆಗಿಲ್ಲ. ಆಗಲೇ ನನ್ನ ನೆನಪು ಅಂಚು ಮಡಿಚಿ ಹೊಲಿಗೆ ಹಾಕಲು ಶುರುಮಾಡಿದೆ. ಸಿಕ್ಕಷ್ಟನ್ನು ಅದಕ್ಕೆ ಮುಂಚೆ ಬರೆಯುತ್ತಿದ್ದೇನೆ.

ಬಾಯಿ ತೆರೆದಿತ್ತು, ಗಾಳಿ ಹೊರಟಿತು, ಹೆಸರು ಹೊರಡಲಿಲ್ಲ. ಇದು ಮಾತ್ರ ಖಚಿತ. ಮಕ್ಕಳು ಆಟವೆಂದುಕೊಂಡು ನಕ್ಕರು.

ನಾವು ಈ ಬೇಸಿಗೆಯಲ್ಲಷ್ಟೇ ಕೆಂಗೇರಿಯ ಕೂಡುಮನೆಯಿಂದ ರಾಜಾಜಿನಗರಕ್ಕೆ ಬಂದಿದ್ದೆವು. ಯಜಮಾನರಿಗೆ ಹತ್ತಿರದ ಕಾರ್ಖಾನೆಯಲ್ಲಿ ಕೆಲಸ, ನನಗೆ ಹೊಸ ಪ್ರೈಮರಿ ಶಾಲೆಯಲ್ಲಿ. ಶಾಲೆಯೆಂದರೆ ತಗಡಿನ ಶೆಡ್ಡು. ಪಕ್ಕದಲ್ಲೇ ರಸ್ತೆ ಹಾಕುತ್ತಿದ್ದರು. ಜಲ್ಲಿಯ ಮೇಲೆ ರೋಡ್ ರೋಲರ್ ದಿನವಿಡೀ ಹೋಗಿ ಬರುತ್ತಿತ್ತು, ಅದಕ್ಕಿಂತ ಜೋರಾಗಿ ನಾನು ಮಗ್ಗಿ ಹೇಳಿಸುತ್ತಿದ್ದೆ. ಮನೆಯಲ್ಲಿ ನಾವಿಬ್ಬರು, ನಮ್ಮತ್ತೆ, ಐದು ವರ್ಷದ ಮಗಳು ಗಿರಿಜೆ. ಹನ್ನೊಂದು ಮಕ್ಕಳ ನಡುವೆ ಬೆಳೆದವಳು ಅವಳು. ಇಲ್ಲಿ ಬಂದ ಮೊದಲ ವಾರ ಖಾಲಿ ಸೈಟುಗಳನ್ನು ನೋಡಿ, ಎಲ್ಲರೂ ಎಲ್ಲಿಗೆ ಹೋದರು ಎಂದು ಕೇಳಿದ್ದಳು.

ದೊಡ್ಡಾಸ್ಪತ್ರೆಯ ಗಂಟಲಿನ ಡಾಕ್ಟರು ಪುಟ್ಟ ಕನ್ನಡಿಯೊಂದನ್ನು ಸ್ಪಿರಿಟ್ ದೀಪದ ಮೇಲೆ ಬಿಸಿಮಾಡಿ ನನ್ನ ಬಾಯೊಳಗೆ ಇಟ್ಟು ನೋಡಿದರು. ವೋಕಲ್ ಕಾರ್ಡಿನ ಮೇಲೆ, ಅಂದರೆ ದನಿ ಹೊರಡಿಸುವ ಎಳೆಯ ಮೇಲೆ, ನಾಡ್ಯೂಲ್, ಪುಟ್ಟ ಗಂಟು. ಆಪರೇಷನ್ ಆಗಬೇಕು.

ಆಯಿತು.

"ಇನ್ನು ಆರು ವಾರ ಮಾತಿಲ್ಲ. ಪಿಸುಮಾತೂ ಕೂಡದು," ಎಂದರು ಡಾಕ್ಟರು. "ಗಾಯ ಹಸಿಯಾಗಿದೆ. ಮಾತಾಡಿದ್ರೆ ದನಿ ವಾಪಸ್ ಬರುತ್ತೆ ಅಂತ ನಾನು ಹೇಳೋಕಾಗಲ್ಲ."

ಒಂದು ಸ್ಲೇಟು ಹಿಡಿದು ಮನೆಗೆ ಬಂದೆ. ನಾನು ಬರೆದದ್ದನ್ನು ಯಜಮಾನರು ಓದುತ್ತಿದ್ದರು. ಅತ್ತೆಗೆ ಓದಲು ಬರದು, ಗಿರಿಜೆಗೆ ಇನ್ನೂ ಬರದು. ಆ ದಿನಗಳಲ್ಲಿ ನಾನು ಹೇಳಿದ್ದೆಲ್ಲ ಹೇಳಿದ ಗಳಿಗೆಯಲ್ಲೇ ಒದ್ದೆ ಬಟ್ಟೆಯಲ್ಲಿ ಒರೆಸಿಹೋಯಿತು. ಈ ಕಥನದಲ್ಲಿ ನನ್ನ ಮಾತು ಕಡಿಮೆ ಇರುವುದು ಅದಕ್ಕೆ.

ಅಕ್ಕಪಕ್ಕದವರೆಲ್ಲ ಹೊಸಬರು. ಗಂಟಲ ಕಾಯಿಲೆ ಎಂದರೆ ಕ್ಷಯವೆಂದುಕೊಂಡಾರು ಎಂದು ಅತ್ತೆಗೆ ಭಯ. ಹಾಗಾಗಿ, ಸೊಸೆ ಮೌನವ್ರತ ಹಿಡಿದಿದ್ದಾಳೆ ಎಂದು ನಲ್ಲಿಯ ಹತ್ತಿರ ಹೇಳಿಬಿಟ್ಟರು. ಮರುದಿನವೇ ಎದುರುಮನೆಯಾಕೆ ವೀಳ್ಯದೆಲೆ, ಬಾಳೆಹಣ್ಣು ತಂದು ನನ್ನ ಕಾಲು ಮುಟ್ಟಿದಳು. ಇನ್ನೊಬ್ಬಳು ತಮ್ಮನಿಗೆ ಕೆಲಸ ಸಿಗುವಂತೆ ಮನಸ್ಸಿನಲ್ಲೇ ಬೇಡಿಕೊಳ್ಳಲು ಕೇಳಿದಳು. ನಾನು ಆಗದೆಂದು ತಲೆ ಅಲ್ಲಾಡಿಸಿದೆ. ಒಪ್ಪಿದೆನೆಂದು ತಿಳಿದು ತೆಂಗಿನಕಾಯಿ ಇಟ್ಟುಹೋದಳು. ಸಂಜೆ ಯಜಮಾನರು ಕಾಯಿ ಸುಲಿಯುತ್ತಾ, "ಮೇಷ್ಟ್ರಮ್ಮನ ಕೆಲಸಕ್ಕಿಂತ ಇದೇ ವಾಸಿ ಕಣೇ, ಮಠ ಕಟ್ಟಿಬಿಡೋಣ," ಎಂದರು. ನಗುವುದೂ ನಿಷಿದ್ಧವಾಗಿತ್ತು. ಸೆರಗು ಕಚ್ಚಿಕೊಂಡೆ.

ಮಗುವಿಗೂ ಅತ್ತೆ ವ್ರತವೆಂದೇ ಹೇಳಿದರು. ನಾನು ತಡೆಯಲಿಲ್ಲ. ಕತ್ತರಿ, ರಕ್ತ, ಆಸ್ಪತ್ರೆ ಅವಳಿಗೆ ಯಾಕೆ ಬೇಕು, ದೇವರ ಕಥೆಯೇ ಮೆತ್ತಗಿದೆ ಎಂದುಕೊಂಡೆ. ಅವಳನ್ನು ಎರಡು ಬೀದಿ ಆಚೆಯ ಶಿಶುವಿಹಾರಕ್ಕೆ ಸೇರಿಸಿದ್ದೂ ಅದೇ ವಾರ. ಹೊಸ ಊರು, ಹೊಸ ಶಾಲೆ, ಮಾತಿಲ್ಲದ ತಾಯಿ. ಮೂರೂ ಒಟ್ಟಿಗೆ ಬಂದವು, ಅವಳು ಅಳಲಿಲ್ಲ. ಗಟ್ಟಿ ಹುಡುಗಿ ಎಂದು ನಾವು ಹೆಮ್ಮೆಪಟ್ಟೆವು.

ನನ್ನ ಮೌನದ ಮೂರನೆಯ ವಾರದಲ್ಲಿ ಶಿಶುವಿಹಾರದ ಟೀಚರು ಮನೆಗೆ ಬಂದರು. ಚಿಕ್ಕ ವಯಸ್ಸಿನವರು. ತಡವರಿಸುತ್ತಾ ಕೇಳಿದರು.

"ನಿಮ್ಮ ಹುಡುಗಿಗೆ ಮಾತು ಬರುತ್ತಾ?"

ನನ್ನ ಹತ್ತಿರ ಉತ್ತರವಿತ್ತು, ಕೊಡುವ ಬಾಯಿರಲಿಲ್ಲ. ಅವಳು ಅಲ್ಲಿ ಒಂದು ದಿನವೂ ಬಾಯಿ ಬಿಟ್ಟಿಲ್ಲವಂತೆ. ಮನೆಯಲ್ಲಿ? ಆಗ ನಾವು ಮೂವರೂ ನೆನಪಿಗೆ ತಡಕಾಡಿದೆವು. ನಿನ್ನೆ ಏನು ಹೇಳಿದಳು? ಮೊನ್ನೆ? ಯಜಮಾನರಿಗೆ ಭಾನುವಾರ ಏನೋ ಕೇಳಿದ ಹಾಗೆ ಜ್ಞಾಪಕ. ಅತ್ತೆಗೆ ಅದೂ ಇಲ್ಲ. ನನ್ನ ಮೌನ ಮನೆಯನ್ನು ಎಷ್ಟು ತುಂಬಿತ್ತೆಂದರೆ ಅದರೊಳಗೆ ಇನ್ನೊಂದು ಮೌನ ಸೇರಿಕೊಂಡದ್ದು ಯಾರಿಗೂ ತಿಳಿಯಲಿಲ್ಲ.

ಟೀಚರು ಹೋದ ಮೇಲೆ ಅತ್ತೆ ಗೋಡೆಗೆ ಒರಗಿ ಕೂತರು. ಅಮ್ಮ ಯಾರಿಗೋಸ್ಕರ ವ್ರತ ಮಾಡುತ್ತಿದ್ದಾಳೆ ಎಂದು ಮಗು ಕೇಳಿತ್ತಂತೆ.

"ನಿನಗೋಸ್ಕರವೇ ಕಣವ್ವ, ನೀನು ಚೆನ್ನಾಗಿರ್ಲಿ ಅಂತ, ಅಂದೆ. ಇನ್ನೇನ್ ಹೇಳ್ಲಿ?" ಎಂದರು. "ಮಾತಾಡಿದ್ರೆ ಏನಾಯ್ತದೆ ಅಂದ್ಳು. ವ್ರತ ಕೆಡ್ತದೆ, ಒಳ್ಳೇದಾಗಲ್ಲ ಅಂದೆ."

ಮರುದಿನ ಮಧ್ಯಾಹ್ನ ಅವಳನ್ನು ಹಿತ್ತಲ ಕಟ್ಟೆಯ ಮೇಲೆ ಕೂರಿಸಿಕೊಂಡೆ. ಒಂದು ವಾಕ್ಯ ಸಾಕು, ನನಗೆ ಕಾಯಿಲೆ, ನಿನ್ನಿಂದಲ್ಲ ಎಂದು ಹೇಳಿಬಿಡೋಣ. ದನಿ ಹೋದರೆ ಹೋಗಲಿ. ಇದು ತ್ಯಾಗವೆಂದು ಈಗ ಬರೆಯಬಹುದು. ಆಗ ಅದು ಬರೀ ಹೆದರಿಕೆ. ಉಸಿರು ಎಳೆದುಕೊಂಡೆ, ತುಟಿ ತೆರೆದೆ.

ಅವಳು ನನ್ನ ಬಾಯಿ ಮುಚ್ಚಿದಳು.

ಎರಡೂ ಕೈಯಿಂದ, ಬಲವಾಗಿ. ಅಂಗೈಯಲ್ಲಿ ಬೆಲ್ಲದ ಅಂಟು. ಕಣ್ಣುಗಳು ನನಗಿಂತ ಬಹಳ ದೊಡ್ಡವರ ಕಣ್ಣಿನಂತಿದ್ದವು. ಬೇಡವೆಂದು ತಲೆಯಾಡಿಸಿದಳು. ನನ್ನ ಮಗಳನ್ನು ನಾನು ಹೆತ್ತೆನೆಂಬುದು ಆ ಗಳಿಗೆಯಲ್ಲಿ ನಂಬಲಾಗದ ಮಾತಾಗಿತ್ತು. ಇಂಥದ್ದು ನನ್ನೊಳಗೆ ಎಲ್ಲಿತ್ತು?

ಶುಕ್ರವಾರ ತಪಾಸಣೆ. ಅವಳನ್ನೂ ಕರೆದುಕೊಂಡು ಹೋದೆವು. ಡಾಕ್ಟರು ರೇಗಿದರು, ಓಪಿಡಿಗೆ ಮಕ್ಕಳನ್ನು ತರುತ್ತಾರೇನ್ರೀ ಎಂದರು. ಯಜಮಾನರು ನಿಂತುಕೊಂಡೇ ನಡೆದದ್ದೆಲ್ಲ ಹೇಳಿದರು. ಡಾಕ್ಟರು ಹಣೆಯ ಮೇಲಿನ ಕನ್ನಡಿ ಮೇಲಕ್ಕೆ ಸರಿಸಿ ಅವಳನ್ನೇ ನೋಡಿದರು. ಆಮೇಲೆ ಒಂದು ಸ್ಟೂಲು ಎಳೆದು, ಅದರ ಮೇಲೆ ಅವಳನ್ನು ನಿಲ್ಲಿಸಿ, ತಮಗೆ ಕಾಣುವುದು ಅವಳಿಗೂ ಕಾಣುವಂತೆ ಅವಳ ಕೆನ್ನೆಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡರು. ಪುಟ್ಟ ಕನ್ನಡಿ ಬಿಸಿಯಾಯಿತು. ನನ್ನ ನಾಲಿಗೆಯನ್ನು ಗಾಜ್ ಬಟ್ಟೆಯಲ್ಲಿ ಹಿಡಿದರು. ನಾನು ಬಾಯಿ ತೆರೆದು ಉಸಿರಾಡುತ್ತಾ ಕೂತೆ.

"ಕಾಣ್ತಾ? ಅಲ್ಲೊಂದು ಗಂಟಿತ್ತು. ನಾನೇ ಕೊಯ್ದು ತೆಗೆದೆ. ಗಾಯ ಮಾಯೋವರೆಗೂ ಮಾತಾಡಬಾರದು ಅಂತ ಹೇಳಿದ್ದೂ ನಾನೇ. ದೇವರಲ್ಲ. ನೀನೂ ಅಲ್ಲ."

ಅವಳು ಬಹಳ ಹೊತ್ತು ನೋಡಿದಳು. ನನಗೆ ಕಣ್ಣಲ್ಲಿ ನೀರು ಬಂತು. ಗಂಟಲಿಗೆ ಕನ್ನಡಿ ತಾಗಿದರೆ ಹಾಗಾಗುತ್ತದೆ, ಅದಕ್ಕೇ ಇರಬೇಕು.

"ಈಗ ನಿಂದು ನೋಡೋಣ. ಆ ಅನ್ನು."

ಅವಳು ನನ್ನ ಕಡೆ ತಿರುಗಿದಳು. ನಾನು ಅನ್ನು ಎನ್ನುವಂತೆ ತಲೆಯಾಡಿಸಿದೆ.

"ಆ."

"ಇದರಲ್ಲಿ ಏನೂ ಇಲ್ಲ," ಎಂದರು ಡಾಕ್ಟರು. "ನೀನು ಮಾತಾಡಬೋದು. ಅವರ ಪಾಲಿಂದೂ ನೀನೇ ಆಡು."

ಅವಳು ಮಾತಾಡಿದ್ದು ಆಸ್ಪತ್ರೆಯ ಮೆಟ್ಟಿಲ ಮೇಲೆ ಎಂದು ಯಜಮಾನರು. ನನಗೆ ಬಸ್ಸಿನ ಕಿಟಕಿ ನೆನಪಿದೆ. ಮಾತು ಮಾತ್ರ ಇಬ್ಬರಿಗೂ ಒಂದೇ.

"ಅಮ್ಮಾ, ನಾನೂ ನಿಂಗೋಸ್ಕರ ಮಾಡ್ತಿದ್ದೆ."

ಐದು ವರ್ಷದ ಮಗು ಯಾರಿಗೂ ಹೇಳದೆ, ಹೊಸ ಮಕ್ಕಳ ನಡುವೆ ಮೂಕಿ ಎನ್ನಿಸಿಕೊಂಡು, ಅಷ್ಟು ದಿನ. ಅವಳು ಕತ್ತರಿಗೂ ರಕ್ತಕ್ಕೂ ಹೆದರಲಿಲ್ಲ. ನಾವು ಕೊಟ್ಟ ಮೆತ್ತನೆಯ ಕಥೆಯೇ ಅವಳಿಗೆ ಹೊರಲಾರದ ಭಾರವಾಗಿತ್ತು, ಅದನ್ನೂ ಹೊತ್ತಿದ್ದಳು. ಮಕ್ಕಳಿಗೆ ಧೈರ್ಯ ಹೇಳಿಕೊಡಬೇಕು ಎನ್ನುತ್ತೇವೆ. ನಾನು ಶಾಲೆಯಲ್ಲಿ ಹಾಗೇ ಹೇಳುತ್ತಿದ್ದೆ. ಧೈರ್ಯ ಅವರಲ್ಲಿ ಬೇಕಾದಷ್ಟಿದೆ, ಅದನ್ನು ಎತ್ತ ಹೊರಳಿಸಬೇಕೆಂದು ತಿಳಿಯಲು ಅವರಿಗೆ ನಿಜ ಗೊತ್ತಿರಬೇಕು.

ಒಳಗೆ ಏನಿತ್ತೆಂದು ದಾರಿಯುದ್ದಕ್ಕೂ ಹೇಳಿದಳು. ಎರಡು ಬಿಳಿ ಎಳೆಯಂತೆ. ಉಸಿರು ಎಳೆದಾಗ ಬಾಗಿಲಿನಂತೆ ತೆರೆಯುತ್ತವಂತೆ. ಒಂದರ ಮೇಲೆ ಕೆಂಪು ಚುಕ್ಕೆಯಂತೆ. ನನ್ನ ದನಿಯ ಜಾಗವನ್ನು ನಾನು ಇವತ್ತಿಗೂ ನೋಡಿಲ್ಲ. ನೋಡಿದವಳು ಅವಳು.

ವ್ರತ ಮುಗಿಯಿತೇ ಎಂದು ಎದುರುಮನೆಯಾಕೆ ಕೇಳಿದಾಗ ಅತ್ತೆ, "ವ್ರತ ಅಲ್ಲ ಕಣಮ್ಮ, ಗಂಟ್ಲು ಕುಯ್ದವ್ರೆ," ಎಂದರು. ಅವರಿಗೆ ಅದು ಸುಲಭವಾಗಿರಲಿಲ್ಲ. ಎದುರುಮನೆಯಾಕೆ ಆಮೇಲೂ ಬಾಳೆಹಣ್ಣು ತಂದಳು.

ಆರು ವಾರವಾಯಿತು. ದಿನಕ್ಕೆ ಹತ್ತು ನಿಮಿಷ ಮಾತಿಗೆ ಅಪ್ಪಣೆ ಸಿಕ್ಕಿತು. ಗಿರಿಜೆ ಅಂಗಳದಲ್ಲಿ ಮೂರು ಹೊಸ ಗೆಳತಿಯರ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದಳು, ಎಲ್ಲರಿಗಿಂತ ಜೋರಾಗಿ ಜಗಳವಾಡುತ್ತಾ. ಬಾಗಿಲಲ್ಲಿ ನಿಂತು ಅವಳ ಹೆಸರು ಕೂಗಿದೆ.

ಅವಳು ತಿರುಗಲಿಲ್ಲ.

ಬಂದ ದನಿ ನನ್ನದಾಗಿರಲಿಲ್ಲ. ಒಣಗಿದ, ಅರ್ಧ ಒಡೆದ ದನಿ. ಮತ್ತೆ ಕರೆದೆ. ಗೆಳತಿಯೊಬ್ಬಳು ತೋರಿಸಿದ ಮೇಲೆ ಬಂದಳು, ಅನುಮಾನದಿಂದ.

"ಇದು ಹೊಸದಾ?"

ಹೌದು ಎಂದೆ.

"ಹಳೇದು ಬರಲ್ವಾ?"

ಬರುತ್ತದೆ ಎನ್ನಬಹುದಿತ್ತು. "ಗೊತ್ತಿಲ್ಲ ಕಣೇ. ಡಾಕ್ಟರಿಗೂ ಗೊತ್ತಿಲ್ಲ," ಎಂದೆ.

ಅವಳು ಯೋಚಿಸಿದಳು.

"ಸರಿ. ನೀನು ಕೂಗ್ಬೇಡ. ನಾನೇ ಹತ್ರ ಬರ್ತೀನಿ."