ಹೆಬ್ಬೆರಳು ಒತ್ತಿ ಆರಿಸಿದ ಟೈರು

ಗಾಡಿಯ ಕೀಲಿಕೈ ನನ್ನ ಕೈಗಿಟ್ಟ ದಿನವೇ ಅತ್ತೆ ಷರತ್ತನ್ನೂ ಹಾಕಿದ್ದರು.

"ಒಂದ ಸಲ ಬಿದ್ದಿ ಅಂದ್ರ ಆತು. ಮರುದಿನಾನ ಗಾಡಿ ಮಾರೂದು. ನೀ ಮತ್ತ ಕಂಡಿಕಿ ಸುತ್ತಕೋತ ಮನ್ಯಾಗ ಕುಂದ್ರೂದು."

ಹಾಗೆ ಹೇಳುವ ಹಕ್ಕು ಅವರಿಗಿತ್ತು. ಗಾಡಿ ಮಾವನವರದು, ಅವರು ಹೋದ ಮೇಲೆ ಅತ್ತೆಯದು. ಅದೇ ಗಾಡಿಯಲ್ಲಿ ಮಾವನ ಹಿಂದೆ ಅಡ್ಡ ಕೂತು, ತೊಡೆಯ ಮೇಲೆ ಸೀರೆಯ ಗಂಟು ಇಟ್ಟುಕೊಂಡು ಜಮಖಂಡಿಯಿಂದ ಬರುವಾಗ ಚಕ್ರ ಜಾರಿ, ಬಿದ್ದು, ಅತ್ತೆಯ ಸೊಂಟ ಮುರಿದಿತ್ತು. ಅಂದಿನಿಂದ ಎಡಗಾಲು ಎಳೆದೇ ನಡೆಯುತ್ತಾರೆ. ಆಮೇಲೆ ಒಮ್ಮೆಯೂ ಅವರು ಗಾಡಿ ಹತ್ತಿರಲಿಲ್ಲ. ಗಂಡ ಹೆಂಡತಿ ಒಂದೇ ಮದುವೆಗೆ ಹೊರಟರೂ ಮಾವ ಗಾಡಿಯ ಮೇಲೆ, ಅತ್ತೆ ಬಸ್ಸಿನಲ್ಲಿ.

ನನಗೆ ಆ ಗಾಡಿ ಏನು ಎಂಬುದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬನಹಟ್ಟಿಯ ನಮ್ಮ ಓಣಿಯಲ್ಲಿ ಬೆಳಗಾದರೆ ಮಗ್ಗದ ಸದ್ದು. ಮದುವೆಯಾಗಿ ಬಂದಾಗಿನಿಂದ ನಾನು ಆ ಸದ್ದಿನಲ್ಲಿ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತಿದವಳು. ನಾವು ನೇಯ್ದ ಸೀರೆಗೆ ವ್ಯಾಪಾರಿ ಹೇಳಿದ್ದೇ ಬೆಲೆ. ಒಂದು ದಿನ ತಲೆ ಕೆಟ್ಟು, ನಾನೇ ಮಾರಿಕೊಂಡು ಬರುತ್ತೇನೆಂದು ಹೊರಟೆ. ಬಸ್ಸಿನಲ್ಲಿ ಗಂಟಿನ ಜೊತೆ ಹತ್ತಿದರೆ ಕಂಡಕ್ಟರನ ಗೊಣಗಾಟ, ಇಳಿದರೆ ಓಣಿ ಓಣಿ ಹೊರುವ ಕಷ್ಟ. ಹಾಗಾಗಿ ಗಾಡಿ ಕಲಿತೆ. ಓಣಿಯವರು ನಕ್ಕರು, ನಗಲಿ. ಈಗ ಜಮಖಂಡಿ, ಮುಧೋಳ, ಬೀಳಗಿ ಎಲ್ಲ ಕಡೆಯೂ ನನ್ನ ಗಿರಾಕಿಗಳಿದ್ದಾರೆ. ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದರೆ ಸಾಕು, ಹೆಂಗಸರು ಬಾಗಿಲಿಗೆ ಬಂದು ನೋಡುತ್ತಾರೆ. ನನ್ನನ್ನು ನೋಡಲು ಬಂದವರು ಸೀರೆಯನ್ನೂ ನೋಡುತ್ತಾರೆ. ಆ ಗಾಡಿ ಹೋದರೆ ನನಗೆ ಮತ್ತೆ ಆ ನಾಲ್ಕು ಗೋಡೆ.

ಹಿಂದಿನ ಟೈರು ಸವೆದು ಹೋಗಿದೆಯೆಂದು ಮೊದಲು ಹೇಳಿದವನು ಪಂಕ್ಚರ್ ತಿದ್ದುವವನು. "ಅಕ್ಕಾರ, ಇದರಾಗ ಏನ್ ಉಳದೈತ್ರಿ? ಒಳಗಿನ ನೂಲು ಕಾಣಾಕತ್ತೈತಿ" ಎಂದ. ಬಗ್ಗಿ ನೋಡಿದೆ. ಖರೆ, ನೂಲೇ. ಆ ವಾರವೇ ಬೀಳಗಿಯ ಒಂದು ಮದುವೆ ಮನೆಗೆ ಉಡುಗೊರೆ ಸೀರೆಗಳನ್ನು ಮುಟ್ಟಿಸಬೇಕಿತ್ತು. ಕಬ್ಬಿನ ಹಂಗಾಮು ಬೇರೆ. ರಸ್ತೆಯ ತುಂಬ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು.

ಜಮಖಂಡಿಯ ಟೈರ್ ಅಂಗಡಿಗೆ ಹೋದೆ. ದೊಡ್ಡ ಕಂಪನಿಯ ಹೊಸ ಟೈರಿನ ಬೆಲೆ ಕೇಳಿ ಚಾಚಿದ ಕೈ ಹಿಂದೆ ತೆಗೆದುಕೊಂಡೆ. ಸವೆದ ಟೈರಿಗೆ ಹೊಸ ರಬ್ಬರು ಹಚ್ಚಿದ್ದೂ ಇತ್ತು. ಅದನ್ನು ಮುಟ್ಟಲೂ ಇಲ್ಲ, ಹರಕು ಸೀರೆಗೆ ಹೊಸ ಸೆರಗು ಜೋಡಿಸಿ ಮಾರುವವರನ್ನು ಕಂಡವಳು ನಾನು. ಇನ್ನೊಂದು, ಹೆಸರೇ ಕೇಳಿರದ ಕಂಪನಿಯದು, ಹೊಸದು. ಒತ್ತಿದರೆ ಮೆತ್ತಗಿತ್ತು. ಕಡೆಗೆ ಕಣ್ಣು ಮೇಲಿನ ಹಲಗೆಗೆ ಹೋಯಿತು. ಅಲ್ಲೊಂದು ದೊಡ್ಡ ಕಂಪನಿಯ ಟೈರು, ಕರ್ರಗೆ ಮಿರಮಿರ ಹೊಳೆಯುತ್ತಿತ್ತು. ಬೆಲೆ ಆ ಮೆತ್ತನೆಯದಕ್ಕಿಂತಲೂ ಕಡಿಮೆ.

"ಅದು ಹಳೆ ಸ್ಟಾಕ್ ಐತ್ರಿ ಅಕ್ಕಾರ" ಎಂದ ಅಂಗಡಿಯವನು. "ಅದಕ್ಕ ಕಡಿಮಿ. ನನ್ನ ಕೇಳಿದ್ರ ಈ ಮೆತ್ತಂದ ಒಯ್ರಿ."

"ಟೈರೇನ್ ಹಾಲೇನ್ರಿ, ಇಟ್ರ ಕೆಡಾಕ?"

ನಿಮ್ಮಿಷ್ಟ ಎನ್ನುವಂತೆ ಅವನು ಟೈರು ಕೆಳಗಿಳಿಸಿ ಕೊಟ್ಟ. ನಾನು ಹೆಬ್ಬೆರಳು ಒತ್ತಿ ನೋಡಿದೆ. ನೇಕಾರರ ಮನೆಯಲ್ಲಿ ಎಲ್ಲದಕ್ಕೂ ಹೆಬ್ಬೆರಳೇ ನ್ಯಾಯಾಧೀಶ. ಗಂಜಿ ಸರಿಯಾಗಿ ಕುಡಿದ ಹಾಸಿನ ನೂಲು ಬೆರಳಿಗೆ ಬಿರುಸಾಗಿ ಎದುರು ನಿಲ್ಲುತ್ತದೆ, ಮಗ್ಗದ ಎಳೆತ ತಾಳುತ್ತದೆ. ಮೆತ್ತಗಿದ್ದರೆ ಎಳೆ ಎಳೆಯಾಗಿ ಹರಿದು ಜೀವ ತಿನ್ನುತ್ತದೆ. ಈ ಟೈರು ಕಲ್ಲಿನ ಹಾಗೆ ಎದುರು ನಿಂತಿತು. ಇದು ಬಾಳುವ ಮಾಲು ಎಂದು ತೀರ್ಮಾನಿಸಿ ಅದನ್ನೇ ಹಾಕಿಸಿಕೊಂಡೆ. ಅಗ್ಗಕ್ಕೆ ಒಳ್ಳೆಯದು ಹೊಡೆದೆನೆಂದು ದಾರಿಯುದ್ದಕ್ಕೂ ಬೀಗುತ್ತ ಬಂದೆ.

ಬೀಳಗಿಗೆ ಹೊರಟ ಬೆಳಿಗ್ಗೆ ಜಮಖಂಡಿ ದಾಟುತ್ತಿದ್ದಂತೆಯೇ ಹಿಂಬದಿ ಏಕೋ ನನ್ನ ಮಾತು ಕೇಳುತ್ತಿಲ್ಲ ಎನಿಸಿತು. ತಿರುವಿನಲ್ಲಿ ಸಣ್ಣಗೆ ಅತ್ತಿತ್ತ ಸರಿಯುತ್ತಿತ್ತು. ಗಂಟು ಒಂದು ಕಡೆ ವಾಲಿರಬೇಕೆಂದು ಇಳಿದು ಬಿಗಿದು ಕಟ್ಟಿದೆ. ಮತ್ತೆ ಹಾಗೆಯೇ. ಗಾಳಿ ಹೆಚ್ಚಾಗಿರಬೇಕೆಂದು ಸ್ವಲ್ಪ ಬಿಟ್ಟೆ. ಮತ್ತೆ ಹಾಗೆಯೇ. ತಿರುಗಿ ಹೋಗೋಣವೆಂದರೆ ಮದುವೆ ಮನೆಯವರು ಕಾಯುತ್ತಿದ್ದಾರೆ.

ಮುಂದೆ ಒಂದು ಕಡೆ ಹೊಲದಿಂದ ಟ್ರ್ಯಾಕ್ಟರುಗಳು ರಸ್ತೆಗೆ ಏರುವ ಜಾಗ. ಗಾಲಿಗೆ ಅಂಟಿ ಬಂದ ಕರಿಮಣ್ಣು ಡಾಂಬರಿನ ಮೇಲೆ ಹರಡಿತ್ತು, ಕಾಲುವೆಯ ನೀರು ಅದರ ಮೇಲೆ ಹರಿದಿತ್ತು. ನಾನು ನಿಧಾನಕ್ಕೇ ಇದ್ದೆ. ಕಬ್ಬು ಹೇರಿದ ಟ್ರ್ಯಾಕ್ಟರೊಂದು ಹಿಂದೆ ಮುಂದೆ ನೋಡದೆ ಹೊಲದಿಂದ ಮೂತಿ ಚಾಚಿತು. ಬ್ರೇಕು ಒತ್ತಿದೆ. ಹಿಂದಿನ ಚಕ್ರ ನನ್ನನ್ನು ಬಿಟ್ಟು ತನ್ನ ಪಾಡಿಗೆ ತಾನು ಅಡ್ಡ ಹೊರಟುಹೋಯಿತು.

ಕೈಕಾಲು ಮುರಿದೀತೆಂಬ ಭಯ ಆ ಕ್ಷಣದಲ್ಲಿ ಬರಲಿಲ್ಲ. ಕಣ್ಣ ಮುಂದೆ ಬಂದದ್ದು ಅತ್ತೆಯ ಮುಖ, ಮನೆಯ ಮೂಲೆಯ ಕಂಡಿಕೆ ರಾಟಿ. ಎಡಗಾಲನ್ನು ಕೆಸರಿಗೆ ಊರಿದೆ, ಅದು ಪಾದ ಮುಳುಗುವಷ್ಟು ಹೂತಿತು. ಗಾಡಿ ತೊಡೆಯ ಮೇಲೆ ಒರಗಿತು. ಹಲ್ಲು ಕಚ್ಚಿ ಹಿಡಿದೆ. ನೆಲ ಮುಟ್ಟಲು ಬಿಡಲಿಲ್ಲ.

"ಏ ಯವ್ವಾ, ಹೆಣ್ಮಕ್ಕಳಿಗೆ ಯಾಕ ಬೇಕಿತ್ತ ಇದು?" ಎಂದು ಟ್ರ್ಯಾಕ್ಟರಿನವನು ಮೇಲಿಂದ ಕೂಗಿದ.

"ನಿನಗ್ಯಾಕ ಬೇಕಿತ್ತೋ ಅಡ್ಡ ಬರೂದು!" ಎಂದೆ. ಗಾಡಿ ನೆಟ್ಟಗೆ ನಿಲ್ಲಿಸಿ ಕೆಸರಿನಿಂದ ಕಾಲು ಕಿತ್ತುಕೊಂಡೆ.

ಸೀರೆಗಳನ್ನು ಮುಟ್ಟಿಸಿ, ಹಸು ನಡೆದಷ್ಟು ನಿಧಾನಕ್ಕೆ ಗಾಡಿ ನಡೆಸಿಕೊಂಡು ಊರು ಸೇರಿದೆ. ಬಿಸಿಲು ಇನ್ನೂ ಇತ್ತು. ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ಅವರ ಕಣ್ಣು ನೇರವಾಗಿ ನನ್ನ ಸೀರೆಯ ಕೆಸರಂಚಿಗೆ ಹೋಯಿತು.

"ಬಿದ್ದೇನ?"

"ಇಲ್ಲರಿ ಅತ್ತಿ. ಜಾರೇತಿ, ಬಿದ್ದಿಲ್ಲ."

ಒಳಗೆ ಮಗ್ಗ ನಿಂತಿತು. ನಮ್ಮ ಮನೆಯವರು ಬಾಗಿಲಿಗೆ ಬಂದು ನಿಂತರು. ಅತ್ತೆ ಕೆಸರನ್ನೇ ನೋಡುತ್ತಿದ್ದರು. ಅದಕ್ಕೇ ನನಗೆ ಸಿಟ್ಟು ಬಂತು.

"ಗಾಡಿ ನೆಲಾ ಮುಟ್ಟಿಲ್ಲ. ಗಂಟು ಮುಟ್ಟಿಲ್ಲ. ಬರೇ ನನ್ನ ಕಾಲ ಮುಟ್ಟೇತಿ. ನಡ್ಯಾಗೂ ಕಾಲ ನೆಲಾ ಮುಟ್ಟತೈತಲ್ಲರಿ! ಅದಕ್ಕೂ ಬಿದ್ದಿ ಅಂತೀರೇನು?"

ಅತ್ತೆ ಗೋಡೆ ಹಿಡಿದು ಎದ್ದರು. ಕಾಲೆಳೆಯುತ್ತ ಗಾಡಿಯ ಹತ್ತಿರ ಬಂದು, ಬಹಳ ಕಷ್ಟದಿಂದ ನೆಲದ ಮೇಲೆ ಕೂತರು. ಟೈರಿನ ಮೇಲೆ ಹೆಬ್ಬೆರಳು ಒತ್ತಿದರು.

"ಗಟ್ಟಿ ಐತಿ" ಎಂದರು.

"ಅದಕ್ಕ ತಂದೇನ್ರಿ" ಎಂದೆ.

ಆಮೇಲೆ ಅವರು ಎರಡೂ ಹೆಬ್ಬೆರಳುಗಳನ್ನು ಟೈರಿನ ಗೆರೆಯೊಳಗೆ ಇಟ್ಟು ಅಗಲಿಸಿದರು. ಹಳೆಯ ರೇಷ್ಮೆ ಸೀರೆಯ ಮಡಿಕೆ ಬಿಚ್ಚಿ ನೋಡುವುದು ಹೀಗೆಯೇ. ಗೆರೆಯ ತಳದಲ್ಲಿ ಕೂದಲೆಳೆಯಂಥ ಬಿರುಕುಗಳು, ಒಂದರ ಪಕ್ಕ ಒಂದು, ಸುತ್ತಲೂ ಇದ್ದವು.

"ಪೆಟ್ಟಿಗ್ಯಾಗ ಮಡಚಿಟ್ಟ ಪತ್ತಲ ಇದು. ಮ್ಯಾಲ ಹೊಸದು, ಮಡಿಕ್ಯಾಗ ಸತ್ತೈತಿ. ಒಣಗಿ ಬಿರುಸಾಗೇತಿ, ಇದು ರಸ್ತಾ ಹೆಂಗ ಹಿಡದೀತ ಬೇ? ಸೀರಿ ತರಾಗ ಮಡಿಕಿ ಬಿಚ್ಚಿ ನೋಡಾಕಿ, ಇದನ್ಯಾಕ ನೋಡಲಿಲ್ಲ?"

ಗಾಡಿ ಮಾರುವ ಮಾತು ಈಗ ಬರುತ್ತದೆಂದು ಕಾದೆ. ಬರಲಿಲ್ಲ. "ನಾಳೆ ಜಮಖಂಡಿಗಿ ಹೋಗೂನು" ಎಂದಷ್ಟೇ ಹೇಳಿ ಒಳಗೆ ಹೋದರು. ಮಾರುವುದಕ್ಕೋ, ಟೈರಿಗೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮರುದಿನ ಅವರು ಬಸ್ಸಿನಲ್ಲಿ ಹೋದರು, ನಾನು ಗಾಡಿಯ ಮೇಲೆ. ನಾನು ತಲುಪುವಷ್ಟರಲ್ಲಿ ಅವರು ಟೈರ್ ಅಂಗಡಿಯ ಸ್ಟೂಲಿನ ಮೇಲೆ ಕೂತು, ಇದ್ದಬದ್ದ ಟೈರುಗಳ ಗೆರೆಗಳನ್ನೆಲ್ಲ ಅಗಲಿಸಿ ನೋಡುತ್ತಿದ್ದರು. ಅಂಗಡಿಯವನು ಸುಸ್ತಾಗಿದ್ದ. ನನಗೆ ಮಾತ್ರ ಹೋದ ಜೀವ ಬಂದ ಹಾಗಾಯಿತು. ಕಡೆಗೆ ಆರಿಸಿದ್ದು ಅದೇ, ಹೆಸರು ಕೇಳಿರದ ಕಂಪನಿಯ ಮೆತ್ತನೆಯದು. ಹಳೆಯದನ್ನು ವಾಪಸು ತೆಗೆದುಕೊಳ್ಳಲು ಅವನು ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ.

ಟೈರು ಹಾಕಿಸಿ ಗಾಡಿ ಹೊರಗೆ ತಂದಾಗ, ಬಸ್ ನಿಲ್ದಾಣದವರೆಗೆ ಅವರ ಜೊತೆ ನಡೆಯಲೆಂದು ನಿಂತೆ. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

"ಹಿಂದ ಕುಂದರ್ತೇನಿ. ಸಾವಕಾಶ ನಡಿ."

ನಾನು ಬೇಗನೆ ಗಾಡಿ ಹತ್ತಿ ಎರಡೂ ಕಾಲೂರಿ ಹಿಡಿದೆ. ತಡ ಮಾಡಿದರೆ ಮನಸ್ಸು ಬದಲಿಸಿಯಾರೆಂಬ ಹೆದರಿಕೆ. ಅಂಗಡಿಯವನು ಸ್ಟೂಲು ತಂದಿಟ್ಟ. ಅವರು ಹತ್ತಿ ಕೂತು ನನ್ನ ಹೆಗಲು ಹಿಡಿದರು. ಹಿಡಿದದ್ದಲ್ಲ, ಉಗುರೂರಿದರು. ಊರು ದಾಟಿದೆವು. ಟ್ರ್ಯಾಕ್ಟರುಗಳು ಎದುರಾದಾಗಲೆಲ್ಲ ಉಗುರು ಇನ್ನಷ್ಟು ಒಳಗಿಳಿಯುತ್ತಿತ್ತು. ನಾನು ಅಷ್ಟು ಭಯದಿಂದ ಎಂದೂ ಗಾಡಿ ಓಡಿಸಿರಲಿಲ್ಲ. ಕಬ್ಬಿನ ಹೊಲಗಳ ನಡುವಿನ ಒಂದು ತಿರುವಿನಲ್ಲಿ "ನಿಂದ್ರಸು" ಎಂದರು. ನಿಲ್ಲಿಸಿದೆ. ಅವರು ಇಳಿಯಲಿಲ್ಲ. ಅವರು ಅಂದು ಬಿದ್ದ ಜಾಗ ಇದೇ ಎಂದು ಅವರು ಹೇಳುವ ಮೊದಲೇ ನನಗೆ ತಿಳಿಯಿತು.

"ಅವತ್ತ ಜಾರಿದ ಆ ಟೈರ್ ತರಾಗ ನಾನೂ ಜೋಡಿ ಹೋಗಿದ್ನಿ" ಎಂದರು. "ನಿಮ್ಮ ಮಾವಾರು ಬ್ಯಾಡ ಅಂದ್ರು. ಹೆಬ್ಬಟ್ಟ ಒತ್ತಿ ನೋಡಿ, ಗಟ್ಟಿ ಐತಿ, ಒಯ್ಯೂನು ಅಂದಾಕಿ ನಾನ. ಸಾಯೂತನಕ ಅವರು ಯಾರ ಮುಂದೂ ಅದನ್ನ ಹೇಳಲಿಲ್ಲ."

ಒಂದು ಟ್ರ್ಯಾಕ್ಟರು ನಮ್ಮನ್ನು ದಾಟಿ ಹೋಯಿತು. ನಾನು ತಿರುಗಿ ನೋಡಲಿಲ್ಲ.

"ನಡಿ ಇನ್ನ" ಎಂದರು ಅತ್ತೆ. "ಷರತ್ತ ಷರತ್ತ ಮತ್ತ. ಬಿದ್ದಿ ಅಂದ್ರ ಮಾರೂದು."

"ಹೂಂನ್ರಿ" ಎಂದು ಗೇರು ಹಾಕಿದೆ. ತಿರುವು ದಾಟಿದ ಮೇಲೆ ಅವರ ಉಗುರು ಸಡಿಲವಾಯಿತು, ಕೈ ಮಾತ್ರ ಮನೆ ಬರುವವರೆಗೂ ಹೆಗಲ ಮೇಲೆಯೇ ಇತ್ತು.