ಮಂಗಳಕ್ಕೆ ಮುಂಚೆ, ಜಮಖಾನದ ಮೇಲೆ

ನಮ್ಮೂರಿನ ಬಯಲಾಟ ನಡೆಯುತ್ತಿದ್ದದ್ದು ಮಾರಿಗುಡಿ ಮುಂದಿನ ಬಯಲಿನಲ್ಲಿ. ಚಪ್ಪರದ ಎದುರು ಹಾಸುತ್ತಿದ್ದ ಜಮಖಾನ ಮೇಲಿನ ಬೀದಿಯ ಹೆಂಗಸರಿಗೆ. ನಮ್ಮ ಬೀದಿಯವರು ಆಚೆ ಹುಲ್ಲಿನ ಮೆದೆ ಪಕ್ಕ ನಿಂತು ನೋಡಬೇಕು. ಪಾತ್ರಗಳಲ್ಲೂ ಅಷ್ಟೇ. ರಾಜ ಮೇಲಿನ ಬೀದಿಯವರಿಗೆ, ರಾಕ್ಷಸ ಮತ್ತು ಕೋಡಂಗಿ ನಮಗೆ. ಕೋಡಂಗಿಯಾದವನು ಊರ ಯಜಮಾನರನ್ನೇ ಗೇಲಿ ಮಾಡಿದರೂ ಯಾರೂ ಸಿಟ್ಟಾಗುವ ಹಾಗಿರಲಿಲ್ಲ. ಅದಕ್ಕೇ ಅಪ್ಪನಿಗೆ ಆ ಪಾತ್ರವೆಂದರೆ ಪ್ರಾಣ.

ನಾನು ಚಾಮರಾಜನಗರದಲ್ಲಿ ಡಿಗ್ರಿ ಓದುತ್ತಿದ್ದಾಗ ಒಂದು ವರ್ಷ, ಆಟದ ದಿನವೇ ರಾಜನ ಪಾತ್ರದವರಿಗೆ ಗಂಟಲು ಕಟ್ಟಿತು. ರಾಜನ ಪದವೆಲ್ಲ ಬಾಯಿಪಾಠವಿದ್ದದ್ದು ಅಪ್ಪನೊಬ್ಬನಿಗೆ. ಗುಂಡ್ಲುಪೇಟೆಯಿಂದ ಬಾಡಿಗೆಗೆ ತಂದ ಕಿರೀಟವನ್ನು ಯಜಮಾನರು ಒಲ್ಲದ ಮನಸ್ಸಿನಿಂದಲೇ ಅವನ ತಲೆಗೆ ಇಡಿಸಿದರು. ಮಂಗಳ ಹಾಡಿ ಆಟ ಮುಗಿಸುವವರೆಗೆ ಕಿರೀಟ ತೆಗೆಯಬಾರದು, ಕಿರೀಟವಿದ್ದವನನ್ನು ಯಾರೂ ಏಕವಚನದಲ್ಲಿ ಮಾತಾಡಿಸಬಾರದು. ಅದು ಊರಿನ ಕಟ್ಟಳೆ.

ಬೆಳಗಾಯಿತು. ಭಾಗವತರು ಮಂಗಳಕ್ಕೆ ತಾಳ ಎತ್ತಿದರು. ಅಪ್ಪ ಕೈ ಅಡ್ಡ ಹಿಡಿದ.

"ನಮ್ಮ ರಾಣಿ, ನಮ್ಮ ಮಗಳು ಸಭೆಗೆ ಬಂದು ಕೂರದೆ ಮಂಗಳವಿಲ್ಲ" ಎಂದು ಮೆದೆಯ ಕಡೆಗೆ ಕೈ ತೋರಿಸಿದ.

ಇಡೀ ಊರು ತಿರುಗಿ ಅವ್ವನನ್ನೂ ನನ್ನನ್ನೂ ನೋಡಿತು. ನನಗೆ ನಾಚಿಕೆಯಿಂದ ಜೀವ ಹಿಡಿಯಾಯಿತು. ಈ ಮನುಷ್ಯನಿಗೆ ಕೋಡಂಗಿತನ ಬಿಟ್ಟು ಹೋಗುವುದಿಲ್ಲವಲ್ಲ ಎಂದು ಸಿಟ್ಟೂ ಬಂತು. ಯಜಮಾನರು ಎದ್ದು, ಸಿಟ್ಟು ನುಂಗಿಕೊಂಡು ಬಹುವಚನದಲ್ಲೇ, ಮಂಗಳ ಮುಗಿಸಿಬಿಡಿ ಎಂದರು. ಅಪ್ಪ ಸಿಂಹಾಸನದಿಂದ ಅಲುಗಲಿಲ್ಲ. ಅವ್ವ ನನ್ನ ರಟ್ಟೆ ಹಿಡಿದು ಜಮಖಾನದತ್ತ ನಡೆದೇಬಿಟ್ಟಳು.

ಜಮಖಾನದಲ್ಲಿ ನನ್ನ ಕ್ಲಾಸಿನವಳೊಬ್ಬಳು ಕೂತಿದ್ದಳು. ಕಾಲೇಜಿನಲ್ಲಿ ಇಬ್ಬರದೂ ಒಂದೇ ಬೆಂಚು. ನಾನು ಪಕ್ಕ ಕೂತಾಗ ಅವಳು ಸೆರಗು ಎಳೆದುಕೊಂಡಳು. ಜಾಗ ಮಾಡಿಕೊಟ್ಟಳೋ, ಮುಟ್ಟಿಸಿಕೊಳ್ಳಬಾರದೆಂದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೆಸರು ಮೆತ್ತಿದ ನನ್ನ ಪಾದಗಳನ್ನು ಲಂಗದೊಳಗೆ ಮುಚ್ಚಿಟ್ಟುಕೊಂಡೆ. ಮಂಗಳ ಯಾವಾಗ ಮುಗಿದೀತೋ ಎಂದು ಕಾದೆ.

ಮುಗಿಯಿತು. ಅಪ್ಪ ಕಿರೀಟ ತೆಗೆದು ಭಾಗವತರ ಕೈಗಿತ್ತ. ಅದಕ್ಕೇ ಕಾಯುತ್ತಿದ್ದ ಯಜಮಾನರು ಅಪ್ಪನಿಗೆ, "ಏಳುಸ್ಲಾ ಅವರ್ನ" ಎಂದರು.

ಅಪ್ಪ ಚಪ್ಪರದಿಂದ ಇಳಿದು ಬಂದ. ರಾತ್ರಿಯೆಲ್ಲ ಬಯಲು ತುಂಬಿದ್ದ ಆ ಗಂಟಲು ಈಗ ನಮಗೇ ಸರಿಯಾಗಿ ಕೇಳಿಸಲಿಲ್ಲ. ಬಣ್ಣದ ಮುಖ ತಗ್ಗಿಸಿಕೊಂಡು, "ಏಳ್ರಮ್ಮಿ, ಮನೆಗೋಗನ" ಎಂದ.

ನಾನು ಆಗಲೇ ಅರ್ಧ ಎದ್ದಿದ್ದೆ. ಅವ್ವ ಅಲುಗಲಿಲ್ಲ.

"ನೀ ಓಗಿ ಬಣ್ಣ ತೊಳ್ಕ" ಎಂದಳು. "ನಾವು ಇನ್ನೊಸಿ ಹೊತ್ತು ಕೂತಿದ್ದು ಬತ್ತೀವಿ."

ನಾನು ಮತ್ತೆ ಕೂತೆ. ಅಪ್ಪನ ಮುಖ ನೋಡಲು ಮಾತ್ರ ನನ್ನಿಂದ ಆಗಲಿಲ್ಲ.